ಸಿಪಿಯು ಒಳಗಿದ್ದ ರಬ್ಬರ್

"ಅಮ್ಮಾ, ಇದು ನಿಮ್ಮದಾ?" ಶಿವಾಜಿನಗರದಿಂದ ಬಂದಿದ್ದ ರಿಪೇರಿ ಭಾಯ್, ಬಿಚ್ಚಿದ ಸಿಪಿಯು ಒಳಗಿಂದ ಒಂದು ಪೆನ್ಸಿಲ್ ರಬ್ಬರ್ ತೆಗೆದು ತೋರಿಸಿದರು. ಅದರ ಮೇಲೆ ನನ್ನ ಮಗಳ ಹೆಸರಿತ್ತು.

ಹಲಸೂರಿನ ನಮ್ಮ ಡಿಟಿಪಿ ಅಂಗಡಿಯ ಈ ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಅಂದಾಗಲೆಲ್ಲ ನಮ್ಮವರು, "ನೀನು ಟೀ ತಗೊಂಡು ಬಾ, ಅಷ್ಟರಲ್ಲಿ ಸರಿ ಮಾಡ್ತೀನಿ" ಅನ್ನುತ್ತಿದ್ದರು. ಭಾಯ್ ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಕಳಚಿ, ಅದರ ಮಂಕಾದ ತುದಿಯನ್ನು ಅದೇ ರಬ್ಬರಿನಿಂದ ಉಜ್ಜಿ ಹಾಕಿದಾಗ ಬೀಪ್ ನಿಂತಿತು. ಗುಟ್ಟು ಗೊತ್ತಾಯಿತು. ದಿನಾ ರಬ್ಬರ್ ಕಳೆದುಕೊಂಡು ಬರ್ತೀಯ ಅಂತ ನಾನು ಮಗಳನ್ನು ಬೈಯುವಾಗ ಈ ಮಹಾನುಭಾವರು ಪೇಪರ್ ಓದುತ್ತಾ ಸುಮ್ಮನೆ ಕೂತಿರುತ್ತಿದ್ದರು!

ನಮ್ಮವರು ತೀರಿಕೊಂಡು ಎರಡು ವರ್ಷವಾಯಿತು. ರಬ್ಬರನ್ನು ಒಳಗೇ ಇಡಿಸಿದ್ದೇನೆ. ಬೆಳಿಗ್ಗೆ ಸ್ವಿಚ್ ಹಾಕುವಾಗಲೆಲ್ಲ ಆ ಬೀಪ್ ಮತ್ತೆ ಬರಬಾರದೇ ಅನ್ನಿಸುತ್ತದೆ. ಎದುರಿಗೆ ಕೂರಿಸಿಕೊಂಡು, ಒಂದೇ ಒಂದು ಸಲ, ಅವರನ್ನು ಬೈಯಬೇಕು.