ಸಾಲದ ಕಾಗದ ಉರಿಸಿ ಕಾಸಿದ ನೀರು

ಮಾನ್ವಿಯ ನಮ್ಮ ಶಾಲೆಯಲ್ಲಿ ಶಿಕ್ಷಕರು ಒಬ್ಬರ ವಯಸ್ಸನ್ನು ಇನ್ನೊಬ್ಬರು ಕೇಳುತ್ತಿರಲಿಲ್ಲ. ಮನೆಸಾಲ ಎಂದು ಮುಗಿಯುತ್ತದೆ ಎಂದು ಕೇಳಿದರೆ ಸಾಕು, ವಯಸ್ಸು ತಾನಾಗಿ ಹೊರಬೀಳುತ್ತಿತ್ತು. ಗಣಿತದ ಮೇಷ್ಟ್ರದು ಐವತ್ತೆಂಟಕ್ಕೆ, ಹಿಂದಿ ಟೀಚರದು ಐವತ್ತೈದಕ್ಕೆ. ಆಟದ ಮೇಷ್ಟ್ರು ಮಾತ್ರ "ನಂದು ನನ್ನ ಮಗ ಮುಗಸ್ತಾನ ಬಿಡ್ರಿ" ಎಂದು ನಕ್ಕುಬಿಡುತ್ತಿದ್ದರು. ನನ್ನದು ಅರವತ್ತಕ್ಕೆ. ಕೊನೆಯ ಕಂತೂ ಕೊನೆಯ ಸಂಬಳವೂ ಒಂದೇ ತಿಂಗಳು. "ಬೀಳ್ಕೊಡುಗಿ ಹಾರ ಹಾಕ್ಕೊಂಡೇ ಬ್ಯಾಂಕಿಗೆ ಹೋಗ್ರಿ ಮೇಡಂ" ಎಂದು ಎಲ್ಲರೂ ಕಾಡುತ್ತಿದ್ದರು, ನಾನೂ ನಗುತ್ತಿದ್ದೆ. ಆ ಅರವತ್ತನ್ನು ತಲೆಯೆತ್ತಿ ಹೇಳಲಾಗದಿದ್ದದ್ದು ಒಬ್ಬನ ಮುಂದೆ ಮಾತ್ರ, ನನ್ನ ಅಪ್ಪನ ಮುಂದೆ.

ಅಪ್ಪ ಜೀತದಾಳಾಗಿದ್ದವನು. ದೇವದುರ್ಗ ತಾಲೂಕಿನಲ್ಲಿ, ಜಾಲಹಳ್ಳಿ ಕಡೆಯ ನಮ್ಮೂರಿನಲ್ಲಿ, ತನ್ನ ಮದುವೆಗೆಂದು ಗೌಡರಿಂದ ಸಾಲ ತಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಆ ಒಂದು ಹೆಬ್ಬೆಟ್ಟಿಗೆ ಹದಿನಾಲ್ಕು ವರ್ಷ ದುಡಿದ. ಜೀತಕ್ಕಿದ್ದವನು ಗೌಡರ ದನದ ಕೊಟ್ಟಿಗೆಯಲ್ಲೇ ಮಲಗಬೇಕು, ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸಬೇಕು. ನನಗೆ ಹತ್ತು ವರ್ಷ ತುಂಬುವ ತನಕ ಅಪ್ಪ ನಮ್ಮ ಮನೆಯಲ್ಲಿ ಮಲಗಿದ್ದನ್ನು ನಾನು ಕಂಡಿರಲೇ ಇಲ್ಲ. ನೆಂಟನ ಹಾಗೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ.

ಜೀತ ಮುಗಿದ ದಿನ ನನಗೆ ಚೆನ್ನಾಗಿ ನೆನಪಿದೆ. ಗೌಡರು ಹರಿದು ಎಸೆದ ಕಾಗದದ ಚೂರುಗಳನ್ನು ಅಪ್ಪ ಟವೆಲಿನ ಅಂಚಿಗೆ ಕಟ್ಟಿಕೊಂಡು ಬಂದ. ಅವ್ವ ಮೂರು ಕಲ್ಲಿನ ಒಲೆಗೆ ಮೊದಲು ಆ ಚೂರುಗಳನ್ನೇ ಹಾಕಿ ಹೊತ್ತಿಸಿದಳು. ಅದರ ಮೇಲೆ ತೊಗರಿ ಕಟ್ಟಿಗೆ ಇಟ್ಟು ಒಂದು ಕೊಡ ನೀರು ಕಾಸಿದಳು. ಅಪ್ಪ ತಲೆ ಮೇಲೆ ನೀರು ಸುರಿದುಕೊಂಡು ಒಳಗೆ ಬಂದು ಗೋಡೆ ಪಕ್ಕ ಚಾಪೆ ಹಾಸಿ ಮಲಗಿದ. ನಾನು ಅವನ ಪಕ್ಕದಲ್ಲಿ ಮಲಗಿದೆ. ಅವನ ಮೈಯಿಂದ ಸಗಣಿ ವಾಸನೆ ಬಾರದಿದ್ದದ್ದು ಅಂದೇ ಮೊದಲು.

ಮರುವರ್ಷ ನನ್ನನ್ನು ಹಾಸ್ಟೆಲಿಗೆ ಸೇರಿಸಿದ. ಓದಿದೆ, ಟೀಚರಾದೆ, ಮದುವೆಯಾದೆ. ನನ್ನ ಗಂಡನೂ ನಮ್ಮಂಥ ಮನೆಯವರೇ, ರಾಯಚೂರಿನಲ್ಲಿ ಗುಮಾಸ್ತೆ ಕೆಲಸದಲ್ಲಿದ್ದರು. ನನಗೆ ನಲವತ್ತಾದಾಗ ನನ್ನ ಸಂಬಳದ ಮೇಲೆ ಇಪ್ಪತ್ತು ವರ್ಷದ ಸಾಲ ತೆಗೆದು ರಾಯಚೂರಿನ ಅಂಚಿನಲ್ಲೊಂದು ಮನೆ ಕಟ್ಟಿದೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮಲ್ಲಿ ಅಪ್ಪ ಮದುವೆ ಮಾಡಿಕೊಂಡು ನೋಡಿದ್ದ, ನಾನು ಮನೆ ಕಟ್ಟಿ ನೋಡಿದೆ.

ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಪ್ಪ ಊರಲ್ಲಿ ನನ್ನ ಅಣ್ಣನ ಸಂಸಾರದ ಜೊತೆಗಿದ್ದ. ಮನೆ ಓಪನಿಂಗಿಗೆ ಬಂದವನು ಗೋಡೆ ಮುಟ್ಟಿ ನೋಡಿದ, ಬುದ್ಧನ ಫೋಟೋದ ಮುಂದೆ ಕೈ ಮುಗಿದ, ಅಡುಗೆಮನೆಯ ಕಟ್ಟೆಯ ಮೇಲೆ ಕೈಯಾಡಿಸಿದ. ಊಟವೂ ಆಯಿತು. ಸಂಜೆ ನಾನು ಹಾಸಿಗೆ ಹಾಸಿದರೆ ಅದನ್ನು ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋದ.

ರಾಯಚೂರಿನ ಏಪ್ರಿಲ್ ತಿಂಗಳು. ಅರ್ಧ ಊರೇ ಹೊರಗೆ ಮಲಗುವ ಕಾಲ. ನಾನೂ ಸೆಕೆಗೆ ಎಂದುಕೊಂಡೆ. ದಸರಾ ರಜೆಯಲ್ಲಿ ಬಂದಾಗ ಜಡಿ ಮಳೆ. ಆಗಲೂ ಕಟ್ಟೆಯ ಮೂಲೆಯಲ್ಲಿ ಮುದುಡಿ ಕೂತ. ನನಗೆ ಸಿಟ್ಟು ಬಂತು.

"ಯಪ್ಪಾ, ಮಂದಿ ಏನಂದಾರು? ಮಗಳು ಅಪ್ಪನ್ನ ಹೊರಗ ಹಾಕ್ಯಾಳ ಅಂತಾರ. ಒಳಗ ಬಾ."

"ಸಾಲ ತೀರೇದ ಏನವ್ವಾ?"

"ಇನ್ನೂ ಇಲ್ಲ."

"ಮತ್ತ ಇದು ನಿನ್ನ ಮನಿ ಹೆಂಗ ಆಕ್ಕದ? ಸಾಲದಾಗ ಇದ್ದಾವಗ ಸ್ವಂತ ಮನಿ ಅನ್ನೂದು ಇರಲ್ಲ. ನಾ ಮತ್ತೊಬ್ಬರ ಸೂರಿನ ಕೆಳಗ ಮಲಗೂದು ಮುಗಿಸಿ ಬಂದಾವ. ಮತ್ತ ಮಲಗಲ್ಲ."

ಬ್ಯಾಂಕು ಬೇರೆ, ಗೌಡರು ಬೇರೆ ಎಂದು ಹೇಳಿದೆ. ಯಾರೂ ನನ್ನನ್ನು ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಸಂಬಳದಲ್ಲಿ ತಾವೇ ಮುರಿದುಕೊಳ್ಳುತ್ತಾರೆ ಎಂದೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಅಪ್ಪನಿಗೂ ಪಾಠ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಯಾವಾಗ ಮುಗೀತದ?"

"ನನಗ ಅರವತ್ತಾದಾಗ."

"ಒಟ್ಟು ಎಷ್ಟು ವರ್ಷ?"

"ಇಪ್ಪತ್ತು."

ಬೆರಳು ಮಡಚಿ ಎಣಿಸಿದ. "ಓದಲಾರದಾವ ನಾ, ಹದಿನಾಲ್ಕು ವರ್ಷಕ್ಕ ಬಿಡಿಸಿಕೊಂಡೆ. ಓದಿದಾಕಿ ನೀ, ಇಪ್ಪತ್ತು ಬರಕೊಟ್ಟಿಯಾ?" ಎಂದ. ಹಂಗಿಸಲಿಲ್ಲ, ನಿಜವಾಗಿ ಮರುಗಿ ಕೇಳಿದ.

ಒಂಬತ್ತು ವರ್ಷ ಹೀಗೇ ನಡೆಯಿತು. ವರ್ಷಕ್ಕೆರಡು ಸಲ ಬರುತ್ತಿದ್ದ, ಕಟ್ಟೆಯಲ್ಲಿ ಮಲಗಿ ಹೋಗುತ್ತಿದ್ದ. ಮೊಂಡು ಮುದುಕ ಎಂದು ನಾನು ಬೈದರೆ ನನ್ನ ಗಂಡ "ಬಿಡು, ಅವರ ಮಾತು ಅವರಿಗೆ" ಎನ್ನುತ್ತಿದ್ದರು. ನನಗೆ ಬಿಡಲು ಆಗುತ್ತಿರಲಿಲ್ಲ. ಹತ್ತು ವರ್ಷ ಪಕ್ಕದಲ್ಲಿ ಅಪ್ಪನಿಲ್ಲದೆ ಮಲಗಿದವಳು ನಾನು. ಅವನು ನನ್ನ ಸೂರಿನ ಕೆಳಗೆ ನಿಶ್ಚಿಂತೆಯಿಂದ ನಿದ್ದೆ ಮಾಡುವುದನ್ನು ನೋಡಬೇಕು ಅನ್ನುವುದೊಂದೇ ಆಸೆ. ಆ ಮನೆ ಕಟ್ಟಿದ್ದೂ ಅದಕ್ಕೇ ಇರಬೇಕು.

ಆ ವರ್ಷ ಚಳಿಗಾಲಕ್ಕೆ ಅಪ್ಪನ ಕೆಮ್ಮು ಹೆಚ್ಚಾಯಿತು. ಅಣ್ಣ ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ. ಡಾಕ್ಟರು ಎಕ್ಸ್‌ರೇ ನೋಡಿ ನನ್ನನ್ನು ಪಕ್ಕಕ್ಕೆ ಕರೆದು, ಹೆಚ್ಚು ದಿನ ಇಲ್ಲ, ತಂಡಿಗೆ ಮಾತ್ರ ಬಿಡಬೇಡಿ ಎಂದರು. ಆಟೋದಲ್ಲಿ ಮನೆಗೆ ಬರುವಾಗಲೇ ಸುಳ್ಳು ಹೇಳುವುದೆಂದು ನಿಶ್ಚಯಿಸಿದೆ. ಅರವತ್ತಕ್ಕೆ ಇನ್ನೂ ಹನ್ನೊಂದು ವರ್ಷವಿತ್ತು.

"ಯಪ್ಪಾ, ಸಾಲ ತೀರಿತು" ಎಂದೆ. "ಅರಿಯರ್ಸ್ ಬಂತು, ಒಮ್ಮೆಲೇ ಕಟ್ಟಿಬಿಟ್ಟೆ."

ಕಪಾಟಿನಲ್ಲಿ ಕೈಗೆ ಸಿಕ್ಕ ಮನೆ ತೆರಿಗೆಯ ರಸೀದಿಯನ್ನು ತಂದು ಅವನ ಕೈಗಿಟ್ಟೆ. ದುಂಡನೆಯ ನೀಲಿ ಸೀಲು ಇತ್ತು, ನೋಡಲು ದೊಡ್ಡ ಕಾಗದದ ಹಾಗೇ ಇತ್ತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿದ. ಅಕ್ಷರ ಬಾರದಿದ್ದರೂ ನನ್ನ ಸಹಿ ಅವನಿಗೆ ಗೊತ್ತಿತ್ತು, ಹಾಸ್ಟೆಲಿನಲ್ಲಿದ್ದಾಗ ಹೆಮ್ಮೆಯಿಂದ ಬರೆದು ತೋರಿಸಿದ್ದೆ.

"ನಿನ್ನ ಸಹಿ ಎಲ್ಲದ?"

"ಈಗ ಎಲ್ಲ ಕಂಪ್ಯೂಟರ್, ಸಹಿ ಇರಲ್ಲ."

ರಸೀದಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, "ಹಂಗಾರ ನೀರು ಕಾಸು" ಎಂದ.

ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟೆ. ಕಟ್ಟಿಗೆ ಇರಲಿಲ್ಲ, ಎದುರು ಮನೆಯವರ ಹತ್ತಿರ ಕೇಳಿ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಗೋಡೆಗೊರಗಿ ಕೂತಿದ್ದ, ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು. ಅಪ್ಪನೇ ರಸೀದಿಯನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದ. ನೀರು ಕಾಯಿತು. ಬಿಸಿನೀರು ಬೆನ್ನ ಮೇಲೆ ಬಿದ್ದಾಗ ಹಾ ಎಂದ. ಒಳಗೆ ಬಂದು ನಾನು ಹಾಸಿದ ಗಾದಿಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಳ್ಳಿಯ ಹಾಗೆ ಅತ್ತೆ, ಆದರೆ ಸಂತೋಷವೂ ಆಗಿತ್ತು.

ಆಮೇಲೆ ಚಳಿಗಾಲ ಮುಗಿಯುವ ತನಕ ನಮ್ಮಲ್ಲೇ ಇದ್ದ. ಒಂದು ಮಾತ್ರ ನನಗೆ ಸರಿಬರಲಿಲ್ಲ. ಹೊತ್ತು ಮೂಡುವ ಮೊದಲೇ ಏಳುತ್ತಿದ್ದ. ಕೆಮ್ಮುತ್ತ ಅಂಗಳ ಗುಡಿಸುತ್ತಿದ್ದ, ಬೇವಿನ ಸಸಿಗೆ ನೀರು ಹಾಕುತ್ತಿದ್ದ, ಗೇಟು ಒರೆಸುತ್ತಿದ್ದ. ಮಾನ್ವಿ ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಒದ್ದಾಡುತ್ತಿದ್ದರೆ ಅವನು ಕಸಬರಿಗೆ ಹಿಡಿದು ಅಡ್ಡ ನಿಂತಿರುತ್ತಿದ್ದ.

"ಯಪ್ಪಾ, ನಿನ್ನ ಯಾರು ಆಳು ಇಟ್ಟಾರ ಇಲ್ಲಿ? ಮಾಲಕನಂಗ ಕಾಲು ಚಾಚಿ ಕುಂದ್ರು!"

"ಕುಂದ್ರತೀನಿ, ನೀ ಹೋಗವ್ವಾ, ಬಸ್ಸು ತಪ್ಪತದ" ಎಂದು ನಗುತ್ತಿದ್ದ.

ಹಿತ್ತಲಲ್ಲಿ ನೀರಿನ ತೊಟ್ಟಿಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುವುದೂ ಶುರುವಾಯಿತು. ಸಣ್ಣ ಸಣ್ಣ ನೆಟ್ಟ ಗೆರೆಗಳು, ಸಾಲಾಗಿ. ಶಾಲೆಯ ಗೋಡೆಗೆ ಮಕ್ಕಳು ಗೀಚಿದರೆ ಬೆತ್ತ ಹಿಡಿಯುವವಳು ನಾನು. "ಬಣ್ಣಕ್ಕ ಎಷ್ಟು ರೊಕ್ಕ ಹೋಗ್ಯಾದ ಗೊತ್ತೇನು?" ಎಂದು ಜೋರಾಗಿಯೇ ಅಂದೆ. ಅಪ್ಪ ಇದ್ದಿಲು ಕೆಳಗಿಟ್ಟ. ಮರುದಿನ ನೋಡಿದರೆ ಇನ್ನೊಂದು ಗೆರೆ ಇತ್ತು. ಮುದಿತನ ಎಂದು ಬಿಟ್ಟೆ.

ಫೆಬ್ರುವರಿಯ ಒಂದು ಬೆಳಿಗ್ಗೆ ಅಂಗಳ ಗುಡಿಸಿರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಮಲಗಿದ್ದ ಹಾಗೇ ಹೋಗಿದ್ದ. ಊರಿಗೆ ಒಯ್ದು ಮಣ್ಣು ಮಾಡಿದೆವು. ತಿರುಗಿ ಬಂದ ಮೇಲೆ, ಸಾವಾದ ಮನೆ ಎಂದು ಒಳಗೂ ಹೊರಗೂ ಹೊಸದಾಗಿ ಬಣ್ಣ ಹೊಡೆಸಿದೆ. ತೊಟ್ಟಿಯ ಹಿಂದಿನ ಗೋಡೆಗೆ ಎರಡು ಕೈ ಹೊಡೆಯಿರಿ ಎಂದು ನಾನೇ ನಿಂತು ಹೇಳಿದೆ.

ಈ ವರ್ಷ ಮೇಷ್ಟ್ರುಗಳು ಹೇಳಿದ ಹಾಗೇ ಆಯಿತು. ಬೀಳ್ಕೊಡುಗೆಯಾದ ವಾರದಲ್ಲೇ ಬ್ಯಾಂಕಿನವರು ಮನೆಯ ಮೂಲ ಕಾಗದಗಳನ್ನೂ ಸಾಲ ತೀರಿತು ಎಂಬ ಪತ್ರವನ್ನೂ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟರು. ಕೌಂಟರಿನ ಹುಡುಗಿ "ಕಂಗ್ರಾಟ್ಸ್ ಆಂಟಿ" ಎಂದಳು. ದಾರಿಯಲ್ಲಿ ಪತ್ರದ ಒಂದು ಜೆರಾಕ್ಸ್ ಮಾಡಿಸಿಕೊಂಡೆ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು ಆ ಜೆರಾಕ್ಸ್ ಹರಿದು ಹಾಕಿ ಬೆಂಕಿ ಹಚ್ಚಿದೆ, ಕಟ್ಟಿಗೆ ಒಡ್ಡಿ ಮೇಲೆ ಒಂದು ಕೊಡ ನೀರಿಟ್ಟೆ. ಗಂಡ ಬಂದು ಪಕ್ಕದಲ್ಲಿ ಕೂತರು.

"ಏನಾರ ಆಗಲಿ, ನಮ್ಮಪ್ಪ ಮಗಳ ಸಾಲ ತೀರೇದ ಅಂತ ನಂಬಿ ಸಮಾಧಾನದಾಗ ಸತ್ತ" ಎಂದೆ. "ಸುಳ್ಳು ಹೇಳಿದ್ದು ಒಳ್ಳೇದೇ ಆತು."

ಅವರು ಒಲೆಯ ಕಟ್ಟಿಗೆಯನ್ನು ಒಳಗೆ ಒತ್ತಿದರು. ಆಮೇಲೆ, "ಮಾವಗ ಗೊತ್ತಿತ್ತು" ಎಂದರು.

ನನಗೆ ಅರ್ಥವಾಗಲಿಲ್ಲ.

"ನೀ ಕಟ್ಟಿಗೆ ತರಾಕ ಹೋದಾಗ ಆ ಕಾಗದ ನನ್ನ ಕೈಯಾಗ ಕೊಟ್ರು. ಖರೇ ಓದಪ್ಪಾ ಅಂತ ಕೈ ಹಿಡಕೊಂಡ್ರು. ಆ ಕೈ ಹಿಡಕೊಂಡು ಸುಳ್ಳು ಹೇಳಾಕ ನನಗ ಬರಲಿಲ್ಲ. ಮನಿ ತೆರಿಗಿ ರಸೀದಿ ಅಂದೆ. ಇನ್ನ ಎಷ್ಟು ವರ್ಷ ಅದ ಅಂದ್ರು. ಹನ್ನೊಂದು ಅಂದೆ."

"ಮತ್ತ ಒಳಗ ಯಾಕ ಬಂದ?"

"'ಆಕಿ ಜೀವ ನನ್ನ ಒಳಗ ಕರೀಲಾಕ ಸುಳ್ಳು ಹೇಳ್ಯಾದ, ಹೋಗತೀನಿ' ಅಂದ್ರು. 'ಆದರ ಪುಕ್ಕಟೆ ಮಲಗಲ್ಲ. ಇರೂತನಕ ದಿನಾ ದುಡೀತೀನಿ. ನಾ ದುಡಿದಷ್ಟು ದಿನ ಆಕಿ ಲೆಕ್ಕದಾಗ ಕಡಿಮಿ ಆಗಲಿ. ಗೆರಿ ಹಾಕಿ ಇಡ್ತೀನಿ, ಸಾಲದವರು ಬಂದರ ನೀ ತೋರಸು' ಅಂದ್ರು. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು, ಸಾಲ ತೀರೂತನಕ."

ಕೈಯಲ್ಲಿದ್ದ ಕಟ್ಟಿಗೆಯನ್ನು ಅವರತ್ತ ಬೀಸಿ ಒಗೆದೆ. ತಗುಲಲಿಲ್ಲ. "ಹನ್ನೊಂದು ವರ್ಷ ಹೊಟ್ಟ್ಯಾಗ ಇಟ್ಟುಕೊಂಡು ಕುಂತಿರಿ! ಬಣ್ಣ ಹೊಡೆಸೂವಾಗಲಾರ ಬಾಯಿ ಬಿಡಬಾರದಿತ್ತೇನ್ರೀ?" ಎಂದು ಕಿರುಚಿದೆ.

"ಅವತ್ತು ನಾ ನಿಮ್ಮೂರಾಗೇ ಉಳದಿದ್ದೆ, ದಿನಕರ್ಮದ ಸಾಮಾನು ಹೊಂದಸಾಕ. ಬರೂದರಾಗ ನೀ ಹೊಡಿಸಿಬಿಟ್ಟಿದ್ದಿ" ಎಂದು ಅವರು ಅತ್ತರು.

ಎದ್ದು ತೊಟ್ಟಿಯ ಹಿಂದೆ ಹೋದೆ. ಗೋಡೆಯ ಮೇಲೆ ಕೈಯಾಡಿಸಿದೆ, ಉಗುರಿನಿಂದ ಕೆರೆದೆ. ಹಳದಿ ಬಣ್ಣದ ಪುಡಿ ಬಂತು, ಅದರ ಕೆಳಗೆ ಸುಣ್ಣ ಬಂತು. ಗೆರೆ ಎಷ್ಟಿದ್ದವೆಂದು ನಾನು ಎಣಿಸಿರಲಿಲ್ಲ, ಗಂಡನೂ ಎಣಿಸಿರಲಿಲ್ಲ.

ನೀರು ಕಾದು ಕುದಿಯುತ್ತಿತ್ತು. ಇಷ್ಟು ವರ್ಷ ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದೆ, ನಮ್ಮಪ್ಪನ ಜೀತ ನನಗೆ ಹತ್ತು ವರ್ಷವಿದ್ದಾಗ ಮುಗಿಯಿತು ಎಂದು. ಅದು ಮುಗಿದದ್ದು ಅವನ ಎಂಬತ್ತರ ಹತ್ತಿರ, ನಾನು ಹಾಸಿಕೊಟ್ಟ ಗಾದಿಯ ಮೇಲೆ, ನನ್ನ ಮನೆಯಲ್ಲಿ.