ಒಣಮೀನಿನ ಬಯಲಲ್ಲಿ ಹಾಕಿ

ನೌಕಾಪಡೆಯ ಅಡುಗೆಮನೆಯಿಂದ ನಿವೃತ್ತನಾಗಿ ಊರಿಗೆ ಬಂದ ನಮ್ಮ ನೆರೆಮನೆಯವನು ಹನ್ನೊಂದು ಹಾಕಿ ಸ್ಟಿಕ್ಕುಗಳನ್ನೂ ತಂದಿದ್ದ. ಹಾಗಾಗಿ ಅವನೇ ಕ್ಯಾಪ್ಟನ್. ಓಡಲು ಬಾರದ ನನ್ನನ್ನು ಗೋಲಿಗೆ ನಿಲ್ಲಿಸಿದ. ಕ್ಲಬ್ ಶುರುವಾಯಿತು. ಮೈದಾನ ಮಾತ್ರ ಇರಲಿಲ್ಲ.

ಮೊದಲು ಆಡಿದ್ದು ಬಾಡ ಎಂಬ ಊರಿನ ಕೊಯ್ದ ಗದ್ದೆಯಲ್ಲಿ. ಕೂಳೆಗೆ ತಾಗಿದ ಚೆಂಡು ಎತ್ತ ಹಾರುವುದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ನಾಲ್ಕನೇ ಭಾನುವಾರ ಹೋದರೆ ಯಜಮಾನ ಅರ್ಧ ಗದ್ದೆಗೆ ಶೇಂಗಾ ಬಿತ್ತಿದ್ದ. "ಉಳಿದರ್ಧ ನಿಮ್ದೇ, ಆಡ್ಕೊಳ್ಳಿ" ಎಂದ ಉದಾರವಾಗಿ. ಒಂದೇ ಗೋಲಿಟ್ಟು ಆಡಿದೆವು. ಮರುವಾರ ಆ ಅರ್ಧವೂ ಹೋಯಿತು.

ಆಮೇಲೆ ಸಿಕ್ಕಿದ್ದು ತದಡಿಯಲ್ಲಿ ಮೀನು ಒಣಗಿಸುವ ಬಯಲು. ಅದರ ಒಡತಿ, ಅರವತ್ತು ದಾಟಿದ ಗಟ್ಟಿ ಹೆಂಗಸು, ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ ಈ ಕೋಲು? ಕಾಗೆ ಓಡ್ಸೂಕಾ?"

"ಆಟಕ್ಕೆ, ಅಕ್ಕಾ."

"ಆಚೆ ಖಾಲಿ ಬದಿಗೆ ಆಡಿ. ಮೊದ್ಲು ಮೀನು ಮಗುಚಿ ಹಾಕ್ಬೇಕು. ಆತಾ?"

ಆತು ಎಂದೆವು. ಪ್ರತಿ ಭಾನುವಾರ ಹನ್ನೊಂದು ಗಂಡಸರು ಸೊಂಟ ಬಗ್ಗಿಸಿ ಮೀನು ಮಗುಚಿದೆವು. "ಹಾಕಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ" ಎಂದು ಕ್ಯಾಪ್ಟನ್ ಸಾರಿದ. ಬಾವಿಕಟ್ಟೆಯಲ್ಲಿ ಸ್ನಾನ ಮಾಡದೆ ಹೆಂಡತಿ ಅವನನ್ನು ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನು ಮಾತ್ರ ಸಾರಲಿಲ್ಲ.

ಅಲ್ಲಿಗೊಮ್ಮೆ ಭಟ್ಕಳದ ತಂಡ ಆಡಲು ಬಂತು. ಬಿಳಿ ಬೂಟು, ಒಂದೇ ಬಣ್ಣದ ಅಂಗಿ. ಅರ್ಧ ಆಟಕ್ಕೆ ಬಿಸಿಲೇರಿ ಗಾಳಿ ಅವರ ಕಡೆ ತಿರುಗಿತು. ಒಂದು ಕೈಯಲ್ಲಿ ಮೂಗು, ಒಂದು ಕೈಯಲ್ಲಿ ಸ್ಟಿಕ್ಕು ಹಿಡಿದು ಎಷ್ಟು ಹೊತ್ತು ಆಡಿಯಾರು? ಎರಡು ಗೋಲಿನಿಂದ ಗೆದ್ದೆವು. ನಮ್ಮ ಚರಿತ್ರೆಯಲ್ಲಿ ಅದೊಂದೇ ಗೆಲುವು.

"ಭಾಯಿ, ನಿಮ್ದು ಹನ್ನೆರಡು ಜನ ಆಡಿದ್ರು" ಎಂದು ಅವರ ನಾಯಕ ಕೈಕುಲುಕಿದ.

"ಇಲ್ಲಪ್ಪ, ಹನ್ನೊಂದೇ."

"ಮತ್ತೆ ಆ ವಾಸನೆ ಯಾರ ಟೀಮು?"

ಒಡತಿಗೆ ಕೇಳಿಸಿತು. "ಊಟಕ್ಕೆ ಬಡ್ಸಿದ್ರೆ ನೀನೇ ಎರಡು ಸಲ ಕೇಳ್ತೆ" ಎಂದು ಒಣಸಿಗಡಿಯ ಪೊಟ್ಟಣವೊಂದನ್ನು ಅವನ ಕೈಗಿಟ್ಟಳು. ಮುಂದಿನ ಸಲ ಅವನು ಫೋನ್ ಮಾಡಿದಾಗ ಮ್ಯಾಚಿಗಿಂತ ಮೊದಲು ಸಿಗಡಿಯನ್ನೇ ವಿಚಾರಿಸಿದ.

ಆ ಬಯಲಲ್ಲಿ ಈಗ ಶೆಡ್ಡು ಎದ್ದಿದೆ. ನಾವು ಹೊನ್ನಾವರದ ಕಾಲೇಜೊಂದರ ಮೈದಾನಕ್ಕೆ ಹೋಗುತ್ತೇವೆ. ಸಮತಟ್ಟು ನೆಲ, ಸೋತರೆ ಹೇಳಲು ನೆಪವೇ ಇಲ್ಲ. ಕಳೆದ ತಿಂಗಳು ಒಡತಿ ನಮ್ಮ ಆಟ ನೋಡಲು ಬಂದಳು. ನಾನು ನಾಲ್ಕು ಗೋಲು ಬಿಟ್ಟೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮುಂದಿನ ಮ್ಯಾಚ್ ಎಲ್ಲಿ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಳು.

"ಮುರ್ಡೇಶ್ವರ" ಎಂದ ಕ್ಯಾಪ್ಟನ್, ಕುಗ್ಗಿದ ದನಿಯಲ್ಲಿ.

"ಅಲ್ಲಿಗೂ ಬತ್ತೆ. ನಂಗೆ ಹೆಂಗೂ ಬಸ್ ಫ್ರೀ."

ಊರಿಗೆ ಮರಳುವ ಕುಮಟೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾವು ಹನ್ನೊಂದು ಜನ ಟಿಕೆಟ್ ತೆಗೆದುಕೊಂಡು, ಸ್ಟಿಕ್ಕು ಊರಿಕೊಂಡು, ನಿಂತೇ ಬಂದೆವು.