ಬರ್ತೀನಿ ಅಂದುಬಿಟ್ಟೆ

ಕತೆ ಕಟ್ಟುವ ಚಟ ನನಗಿಲ್ಲ. ಹೊಸಕೋಟೆ ಹತ್ತಿರ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಮೆಷಿನ್ ಓಡಿಸುವವನು ನಾನು. ದೆವ್ವದ ಮಾತೆತ್ತಿದವರನ್ನು ಗೇಲಿ ಮಾಡುತ್ತಿದ್ದೆ. ಆ ಸೊಕ್ಕು ಹೋದ ವರ್ಷ ಕಾವೇರಿಯಲ್ಲಿ ಇಳಿಯಿತು.

ಅಣ್ಣನ ಅಸ್ಥಿ ಬಿಡಲು ಹೋಗಿದ್ದೆ. ದಾರಿಯಲ್ಲಿ ವ್ಯಾನು ಕೆಟ್ಟು, ಹೊಳೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮುದುಕ ಅಂಬಿಗ ಗೊಣಗುತ್ತಲೇ ತೆಪ್ಪ ಬಿಟ್ಟ. ನಡುಹೊಳೆಯಲ್ಲಿ ಅಸ್ಥಿ ಬಿಟ್ಟು, ಹರಿವಿನ ಜೊತೆ ಕೆಳಗಿನ ಊರಿನ ದಡ ಸೇರಬೇಕಿತ್ತು. ವ್ಯಾನು ಅಲ್ಲಿಗೆ ಬರುತ್ತಿತ್ತು.

ಅಸ್ಥಿಯ ಕುಡಿಕೆ ಮುಳುಗಿತು. ಒಂದೇ ಮನೆಯಲ್ಲಿದ್ದವರು ನಾವು. ದಿನಾ ಕೆಲಸಕ್ಕೆ ಹೊರಡುವಾಗ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು.

"ಬರ್ತೀನಿ ಕಣಣ್ಣ."

ಅಂಬಿಗನ ಹುಟ್ಟು ನಿಂತಿತು.

"ಏನ್ ಸಾಮಿ ಅಂದ್ಬುಟ್ರಿ? ಸಾವಿನ ಮನೆಯಿಂದ ಎದ್ದೋಗುವಾಗ್ಲೂ ಬತ್ತೀನಿ ಅನ್ನಕಿಲ್ಲ..."

ನನಗೂ ಗೊತ್ತಿದ್ದದ್ದೇ. ಬಾಯಿ ತಪ್ಪಿತ್ತು.

ಆಗ ಬಂತು ವಾಸನೆ... ಬೇಯಿಸಿದ ರೇಷ್ಮೆಗೂಡಿನದು. ಅಣ್ಣ ನೂಲು ಬಿಚ್ಚುವ ಕೆಲಸದವನು. ಎಷ್ಟು ಸೋಪು ಉಜ್ಜಿದರೂ ಅವನ ಕೈಯಿಂದ ಅದು ಹೋಗುತ್ತಿರಲಿಲ್ಲ.

ಯಾರೋ ಹತ್ತಿ ಕೂತ ಹಾಗೆ ತೆಪ್ಪ ನನ್ನ ಬೆನ್ನ ಕಡೆಗೆ ವಾಲಿತು.

"ತಿರುಗ್ಬೇಡಿ!" ಅಂಬಿಗ ಪಿಸುಗುಟ್ಟಿದ. "ಬರಕಿಲ್ಲ ಅನ್ನಿ. ಆಡಿದ ಮಾತು ವಾಪಸ್ ತಕ್ಕಳಿ."

"ಬರಲ್ಲಣ್ಣ... ಮಗು ಇನ್ನೂ ಚಿಕ್ಕದು... ನಾನು ಬರಲ್ಲ..." ಅತ್ತುಬಿಟ್ಟೆ.

ಹರಿವು ಜೋರಾಗಿಯೇ ಇತ್ತು. ತೆಪ್ಪ ಮಾತ್ರ ನಿಂತಲ್ಲೇ ನಿಂತಿತ್ತು. ಎಷ್ಟು ಹೊತ್ತೋ... ಕಿವಿಯ ಹತ್ತಿರ ತಣ್ಣಗೆ ಉಸಿರು ತಾಗಿತು.

"ಬೇಗ ಬಾರೋ."

ಅಣ್ಣ ದಿನಾ ಕೊಡುತ್ತಿದ್ದ ಉತ್ತರ ಅದೇ. ಹಿಂದೆ ಬುಳಕ್ಕೆಂದು ನೀರಿನ ಸದ್ದಾಯಿತು, ತೆಪ್ಪ ಹಗುರಾಗಿ ಸರಿಯಿತು.

ದಡದಲ್ಲಿ ಅಂಬಿಗ ಕೇಳಿದ, "ಒಪ್ಕಂಡ್ರಾ ಅವ್ರು?"

"ಹೂಂ" ಎಂದೆ. ಸುಳ್ಳು.

ಅಂದಿನಿಂದ ಮನೆ ಬಿಡುವಾಗ ಯಾರಿಗೂ ಬರ್ತೀನಿ ಅನ್ನುವುದಿಲ್ಲ. ಹೆಂಡತಿ ಬೈಯುತ್ತಾಳೆ, ಬೈಯಲಿ. ಮೊನ್ನೆ ಅವಳೂ ಮಗುವೂ ತವರಿಗೆ ಹೋಗಿದ್ದರು. ಬೆಳಗಿನ ಶಿಫ್ಟಿಗೆ ಹೊರಟು, ಬಾಯಿ ಬಿಗಿಹಿಡಿದು ಬಾಗಿಲಿಗೆ ಬೀಗ ಹಾಕಿದೆ. ಬಾಗಿಲ ಸಂದಿಯಿಂದ ಅದೇ ಗೂಡಿನ ವಾಸನೆ... ಒಳಗಿನಿಂದ ಮೆಲ್ಲಗೆ ದನಿ.

"ಇವತ್ತಾದ್ರೂ ಬರ್ತೀಯೇನೋ?"

ಈಗ ನಾನೂ ಅತ್ತೆ ಮನೆಯಲ್ಲಿದ್ದೇನೆ. ಬೀಗದ ಕೈ ಜೇಬಿನಲ್ಲೇ ಇದೆ. ಆ ಬಾಗಿಲು ತೆಗೆಯುವ ಧೈರ್ಯ ಇನ್ನೂ ಬಂದಿಲ್ಲ.